ಒಂದು ರಾತ್ರಿಯ ನೆರೆಯವರು

ನೆರೆಹೊರೆಯವರ ಹಕ್ಕುಗಳ ಕುರಿತು ನಾವು ಬಾಲ್ಯದಿಂದಲೇ ಕೇಳುತ್ತಾ ಬಂದಿದ್ದೇವೆ. ಜಿಬ್ರೀಲ್(ಅ) ನೆರೆಯವನ ಬಗ್ಗೆ ಎಷ್ಟು ಒತ್ತಿ ಒತ್ತಿ ಉಪದೇಶಿಸುತ್ತಿದ್ದರೆಂದರೆ, ಆತನನ್ನು ಆಸ್ತಿಯಲ್ಲಿಯೂ ಪಾಲುದಾರನನ್ನಾಗಿ ಮಾಡಿ ಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು ಎಂಬ ವಿಷಯ ಮಸೀದಿಯ ಪ್ರವಚನಗಳಲ್ಲಿ ಅದೆಷ್ಟೋ ಬಾರಿ ನಮ್ಮ ಕಿವಿಗೆ ಬಿದ್ದಿದೆ. ಆದರೆ ನೆರೆಯವನೆಂದರೆ ಯಾರು? ಗೋಡೆಗೆ ಗೋಡೆ ತಾಗಿದ ಮನೆಯವನು ಮಾತ್ರವೇ? ಒಂದೇ ಒಂದು ರಾತ್ರಿ ನಿಮ್ಮ ಪಕ್ಕದಲ್ಲಿ ತಂಗಿ, ಮುಂಜಾನೆ ಬೇರೆ ದಾರಿ ಹಿಡಿದು ಹೋಗುವವನು ನೆರೆಯವನಲ್ಲವೇ? ಮತ್ತೆ ಎಂದೂ ಕಾಣಲು ಸಿಗದ ಆತನಿಗೆ ನಿಮ್ಮ ಮೇಲೆ ಯಾವ ಹಕ್ಕೂ ಇಲ್ಲವೇ?

ಈ ಪ್ರಶ್ನೆ ಇಂದು ಹಿಂದೆಂದಿಗಿಂತಲೂ ಹೆಚ್ಚು ಪ್ರಸ್ತುತವಾಗಿದೆ. ನಮ್ಮ ಕರಾವಳಿಯ ಅನೇಕ ಕುಟುಂಬಗಳು ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿವೆ. ಅಲ್ಲಿ ಚಳಿಗಾಲದ ರಜೆ ಬಂತೆಂದರೆ ಡೇರೆ ಕಟ್ಟಿಕೊಂಡು, ಇಲ್ಲವೇ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಪಡೆದು ಸಮುದ್ರ ತೀರಕ್ಕೆ ಹೋಗುವ ರೂಢಿ ಬೆಳೆದಿದೆ. ಮಲಗುವ ಹಾಸಿಗೆ, ಪುಟ್ಟ ಅಡುಗೆ ಒಲೆ, ನೀರಿನ ತೊಟ್ಟಿ, ಕೆಲವೊಮ್ಮೆ ಶೌಚಾಲಯವನ್ನೂ ಹೊಂದಿರುವ ಈ ವಾಹನ ನಿಜಕ್ಕೂ ಚಕ್ರಗಳ ಮೇಲಿನ ಮನೆಯೇ ಸರಿ. ಇದರಲ್ಲಿ ಸಾಗುವವರಿಗೆ ಪ್ರತಿದಿನವೂ ಹೊಸ ನೆರೆಯವರು ಸಿಗುತ್ತಾರೆ. ಆ ನೆರೆಯವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳುವುದು ಹೇಗೆ? ಈ ವಿಷಯದಲ್ಲಿ ನಮ್ಮ ಧರ್ಮ ನಮಗೆ ಏನು ಕಲಿಸುತ್ತದೆ? ಬನ್ನಿ, ಸ್ವಲ್ಪ ಚಿಂತಿಸೋಣ.

ಬದಿಯ ಸಂಗಾತಿ

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೇ ಸೂಕ್ತವನ್ನು ಗಮನವಿಟ್ಟು ಓದಿರಿ. ಅಲ್ಲಾಹನನ್ನು ಮಾತ್ರ ಆರಾಧಿಸಬೇಕೆಂಬ ಆದೇಶದೊಂದಿಗೆ ಅದು ಆರಂಭವಾಗುತ್ತದೆ. ಆ ಬಳಿಕ ಯಾರ್ಯಾರೊಂದಿಗೆ ಸೌಜನ್ಯದಿಂದ ವರ್ತಿಸಬೇಕೆಂಬುದರ ಒಂದು ಪಟ್ಟಿಯೇ ಅಲ್ಲಿದೆ. ಮಾತಾಪಿತರು, ಬಂಧುಗಳು, ಅನಾಥರು, ದರಿದ್ರರು, ಬಂಧುವಾದ ನೆರೆಯವರು, ಅಪರಿಚಿತರಾದ ನೆರೆಯವರು, ಅನಂತರ 'ಬದಿಯ ಸಂಗಾತಿ', ಅನಂತರ ದಾರಿಹೋಕರು. ಈ 'ಬದಿಯ ಸಂಗಾತಿ' ಯಾರು? ಜೀವನಸಂಗಾತಿ ಎಂದು ಕೆಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಪ್ರಯಾಣದಲ್ಲಿ ಜೊತೆಯಾದವನು ಎಂದು ಹಲವರು ವಿವರಿಸಿದ್ದಾರೆ. ಸ್ವಲ್ಪ ಹೊತ್ತಿನ ಮಟ್ಟಿಗೆ ನಿಮ್ಮ ಬದಿಯಲ್ಲಿ ಕುಳಿತವನೂ, ನಿಂತವನೂ, ನಡೆದವನೂ ಇದರಲ್ಲಿ ಒಳಗೊಳ್ಳುತ್ತಾನೆ ಎಂಬ ವಿಶಾಲವಾದ ಅರ್ಥವನ್ನೂ ನೀಡಲಾಗಿದೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದನೆಯದು, ಸಹಪ್ರಯಾಣಿಕನ ಹಕ್ಕು ತಂದೆತಾಯಿಯರ ಹಕ್ಕನ್ನು ಹೇಳಿದ ಅದೇ ಸೂಕ್ತದಲ್ಲಿದೆ. ಅದು ನಾವು ಮನಸ್ಸು ಬಂದಾಗ ತೋರಿಸುವ ಔದಾರ್ಯವಲ್ಲ, ಸಲ್ಲಿಸಲೇಬೇಕಾದ ಬಾಧ್ಯತೆ. ಎರಡನೆಯದು, ಆ ಸೂಕ್ತ ಕೊನೆಗೊಳ್ಳುವುದು ಅಹಂಕಾರಿಗಳನ್ನೂ ಬಡಾಯಿ ಕೊಚ್ಚುವವರನ್ನೂ ಅಲ್ಲಾಹನು ಮೆಚ್ಚುವುದಿಲ್ಲ ಎಂಬ ಎಚ್ಚರಿಕೆಯೊಂದಿಗೆ. ಇದು ಅತ್ಯಂತ ಅರ್ಥಗರ್ಭಿತವಾಗಿದೆ. ಪಕ್ಕದ ಅಪರಿಚಿತನೊಡನೆ ಮಾತನಾಡದಂತೆ ನಮ್ಮನ್ನು ತಡೆಯುವುದು ಅನೇಕ ವೇಳೆ ಸಂಕೋಚವಲ್ಲ, 'ಅವನೇ ಮೊದಲು ಮಾತನಾಡಲಿ' ಎಂಬ ಒಳಗಿನ ಬಿಗುಮಾನ. ಆತನ ವಾಹನ ಹಳೆಯದಾಗಿದ್ದರೆ ನಾವು ಕಡೆಗಣಿಸುತ್ತೇವೆ, ನಮ್ಮದಕ್ಕಿಂತ ದೊಡ್ಡದಾಗಿದ್ದರೆ ಹಿಂಜರಿಯುತ್ತೇವೆ. ಎರಡೂ ಒಂದೇ ರೋಗದ ಎರಡು ಲಕ್ಷಣಗಳು.

ಒಂದು ಕರಾವಳಿ ದಾರಿ

ವಿಷಯ ಸ್ಪಷ್ಟವಾಗಲು ಒಂದು ನಿಜವಾದ ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಮಾನಿನ ರಾಜಧಾನಿ ಮಸ್ಕತ್‌ನಿಂದ ಕುರಿಯಾತ್ ಮಾರ್ಗವಾಗಿ ಸೂರ್ ಪಟ್ಟಣಕ್ಕೆ ಸಾಗುವ ಕರಾವಳಿ ಹೆದ್ದಾರಿ ಸುಮಾರು 200 ಕಿ.ಮೀ. ಉದ್ದವಿದೆ. ಒಂದು ಬದಿಯಲ್ಲಿ ಬೋಳು ಬೆಟ್ಟಗಳ ಸಾಲು, ಇನ್ನೊಂದು ಬದಿಯಲ್ಲಿ ನೀಲಿ ಸಮುದ್ರ. ನಡುವೆ ಬಿಮ್ಮಾದ ನೀರುಗುಳಿ, ಫಿನ್ಸ್‌ನ ಬಿಳಿ ತೀರ, ತೀವಿಯ ಖರ್ಜೂರದ ತೋಟಗಳು, ವಾದಿ ಶಾಬ್‌ನ ಕಣಿವೆ. ಸೂರ್ ಪಟ್ಟಣಕ್ಕೆ ಮೊದಲು ಪ್ರಾಚೀನ ಬಂದರು ನಗರ ಕಲ್‌ಹಾತ್‌ನ ಅವಶೇಷಗಳಿವೆ. 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂರ್ ದಾಟಿ ಮುಂದೆ ಹೋದರೆ ರಾಸ್ ಅಲ್ ಹದ್ ಮತ್ತು ಕಡಲಾಮೆಗಳು ಮೊಟ್ಟೆಯಿಡುವ ರಾಸ್ ಅಲ್ ಜಿಂಜ್.

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಹಿತವಾದ ಹವೆಯಲ್ಲಿ ಈ ತೀರಗಳಲ್ಲಿ ಒಮಾನಿ ಕುಟುಂಬಗಳು, ನೆರೆಯ ಎಮಿರೇಟ್ಸ್‌ನಿಂದ ಬಂದವರು, ಕೇರಳದವರು, ಪಾಕಿಸ್ತಾನದವರು, ಯುರೋಪಿನಿಂದ ತಮ್ಮ ವಾಹನದಲ್ಲೇ ದೇಶ ದೇಶ ಸುತ್ತುತ್ತಾ ಬಂದವರು - ಹೀಗೆ ಬಗೆಬಗೆಯ ಜನರು ಒಂದೇ ಮರಳಿನ ಮೇಲೆ ತಂಗುತ್ತಾರೆ. ಒಂದೇ ಸಮುದ್ರದ ಗಾಳಿ ಎಲ್ಲರಿಗೂ ಬೀಸುತ್ತದೆ. ಆದರೆ ಪ್ರತಿಯೊಂದು ವ್ಯಾನಿನ ಬಾಗಿಲೂ ಒಳಗಿನಿಂದ ಮುಚ್ಚಿಕೊಂಡಿದ್ದರೆ ಅಲ್ಲಿ ಹತ್ತು ಮನೆಗಳಿರುತ್ತವೆಯೇ ಹೊರತು ಒಂದು ನೆರೆಹೊರೆ ಇರುವುದಿಲ್ಲ.

ಪ್ರವಾದಿವರ್ಯರ(ಸ) ಕಾಲದಲ್ಲೂ ಇಂತಹುದೇ ಒಂದು ಪರಿಸ್ಥಿತಿ ಉಂಟಾಗಿತ್ತು. ಪ್ರಯಾಣದಲ್ಲಿ ತಂಗಿದಾಗ ಅನುಚರರು ಕಣಿವೆಗಳಲ್ಲೂ ತಗ್ಗುಗಳಲ್ಲೂ ಚದುರಿ ಹೋಗುತ್ತಿದ್ದರು. ಈ ಚದುರುವಿಕೆ ಶೈತಾನನ ಕಡೆಯಿಂದ ಬಂದುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಆ ಬಳಿಕ ಅವರು ತಂಗುವಾಗ ಎಷ್ಟು ಹತ್ತಿರ ಹತ್ತಿರ ಇರುತ್ತಿದ್ದರೆಂದರೆ, ಒಂದು ವಸ್ತ್ರವನ್ನು ಹಾಸಿದರೆ ಅದು ಎಲ್ಲರನ್ನೂ ಮುಚ್ಚಬಹುದಿತ್ತು ಎಂದು ಅಬೂ ದಾವೂದ್ ವರದಿ ಮಾಡಿದ್ದಾರೆ. ಅಪರಿಚಿತರ ವ್ಯಾನಿಗೆ ನಿಮ್ಮ ವ್ಯಾನನ್ನು ತಾಗಿಸಿ ನಿಲ್ಲಿಸಿರಿ ಎಂಬುದು ಇದರ ತಾತ್ಪರ್ಯವಲ್ಲ. ಅವರ ಏಕಾಂತಕ್ಕೆ ಬೇಕಾದಷ್ಟು ಅಂತರವಿರಲಿ. ಆದರೆ ಮನಸ್ಸುಗಳು ದೂರವಾಗದಿರಲಿ. ಕೂಗಿದರೆ ಕೇಳಿಸುವಷ್ಟು, ಕಷ್ಟಕ್ಕೆ ಓಡಿ ಬರುವಷ್ಟು ಸಾಮೀಪ್ಯ ಇರಲಿ.

ಸಲಾಮಿನಿಂದ ಆರಂಭ

ಸ್ನೇಹದ ಬೀಗಕ್ಕೆ ಸಲಾಮ್ ಕೀಲಿಕೈ. ವಾಹನದಲ್ಲಿರುವವನು ನಡೆಯುವವನಿಗೂ, ನಡೆಯುವವನು ಕುಳಿತವನಿಗೂ, ಸಣ್ಣ ಗುಂಪು ದೊಡ್ಡ ಗುಂಪಿಗೂ ಮೊದಲು ಸಲಾಮ್ ಹೇಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಂದರೆ ಹೊಸದಾಗಿ ಬಂದು ವ್ಯಾನ್ ನಿಲ್ಲಿಸಿದ ನೀವೇ ಮೊದಲು ಮಾತನಾಡಬೇಕಾದವರು. ಮುಂಚೆಯೇ ಬಂದು ಕುಳಿತವರು ಎದ್ದು ಬಂದು ನಿಮ್ಮನ್ನು ಸ್ವಾಗತಿಸಲಿ ಎಂದು ಕಾಯಬೇಡಿ. ಮುಸ್ಲಿಮೇತರರಾಗಿದ್ದರೆ ಅವರಿಗೆ ಪರಿಚಿತವಾದ ಶುಭಾಶಯವನ್ನು ನಗುಮುಖದಿಂದ ಹೇಳಿರಿ. ಸಹೋದರನ ಮುಂದೆ ಮುಗುಳ್ನಗುವುದೂ ಒಂದು ದಾನವೆಂದು ನಮಗೆ ಕಲಿಸಲಾಗಿದೆ.

ಒಂದು ಸಲಾಮಿನ ಬೆಲೆ ಎಷ್ಟೆಂಬುದನ್ನು ಇಬ್ನು ಬತೂತರ ಜೀವನದಿಂದ ತಿಳಿಯಬಹುದು. 1325ರಲ್ಲಿ ಮೊರೊಕ್ಕೋದ ತಾಂಜೀರ್ ನಗರದಿಂದ ಹಜ್ಜ್ ಯಾತ್ರೆಗೆಂದು ಹೊರಟಾಗ ಅವರು ಇಪ್ಪತ್ತೊಂದರ ತರುಣ. ಜೊತೆಗೆ ಯಾರೂ ಇರಲಿಲ್ಲ. ದಾರಿಯಲ್ಲಿ ಜ್ವರ ಹಿಡಿಯಿತು. ನಿತ್ರಾಣದಿಂದ ಕೆಳಗೆ ಬೀಳದಂತೆ ರುಮಾಲಿನ ಬಟ್ಟೆಯಿಂದ ತನ್ನನ್ನು ತಡಿಗೆ ಕಟ್ಟಿಕೊಂಡು ಮುಂದೆ ಸಾಗಿದರು. ಟುನಿಸ್ ನಗರ ಸೇರಿದಾಗ ಊರಿನವರು ಯಾತ್ರಿಕರನ್ನು ಎದುರುಗೊಳ್ಳಲು ಬಂದರು. ಎಲ್ಲರೂ ತಮ್ಮ ತಮ್ಮ ಪರಿಚಿತರಿಗೆ ಸಲಾಮ್ ಹೇಳಿ ಕ್ಷೇಮ ವಿಚಾರಿಸಿದರು. ಈ ತರುಣನಿಗೆ ಸಲಾಮ್ ಹೇಳುವವರು ಒಬ್ಬರೂ ಇರಲಿಲ್ಲ. ಆತ ದುಃಖ ತಾಳಲಾರದೆ ಅತ್ತು ಬಿಟ್ಟರು. ಆಗ ಯಾತ್ರಿಕರಲ್ಲೊಬ್ಬರು ಅಳುವಿನ ಕಾರಣವನ್ನು ಅರಿತು ಹತ್ತಿರ ಬಂದು ಸಲಾಮ್ ಹೇಳಿದರು. ನಗರದೊಳಗೆ ಹೋಗುವ ತನಕ ಪ್ರೀತಿಯಿಂದ ಮಾತನಾಡುತ್ತಾ ಜೊತೆ ನೀಡಿದರು.

ಮುಂದೆ ಸುಮಾರು ಮೂರು ದಶಕಗಳ ಕಾಲ ಲೋಕ ಸುತ್ತಿದ, ಸುಲ್ತಾನರ ಆಸ್ಥಾನಗಳಲ್ಲಿ ಗೌರವ ಪಡೆದ, ನಮ್ಮ ಹೊನ್ನಾವರ ಮತ್ತು ಮಂಗಳೂರನ್ನೂ ಕಂಡು ಬರೆದ ಆ ಮಹಾ ಪ್ರವಾಸಿ, ವೃದ್ಧಾಪ್ಯದತ್ತ ಸಾಗಿದ್ದಾಗ ತನ್ನ ಪ್ರವಾಸ ಕಥನವನ್ನು ಬರೆಸುವಾಗಲೂ ಆ ಒಂದು ಸಲಾಮನ್ನು ಮರೆತಿರಲಿಲ್ಲ! ಇತ್ತ ಆ ಸಲಾಮ್ ಹೇಳಿದವರಿಗೆ ಅದರ ನೆನಪೇ ಉಳಿದಿರಲಿಕ್ಕಿಲ್ಲ. ಓದುಗರೇ, ನಿಮ್ಮ ಪಕ್ಕದ ವ್ಯಾನಿನಲ್ಲಿ ಒಂಟಿಯಾಗಿ ಕುಳಿತಿರುವಾತ ಯಾವ ದುಃಖವನ್ನು ಹೊತ್ತು ಬಂದಿದ್ದಾನೆಂದು ನಿಮಗೇನು ಗೊತ್ತು?

ತೊಂದರೆ ಕೊಡದಿರುವುದೇ ಮೊದಲ ಸ್ನೇಹ

ನಾವು ಸಾಮಾನ್ಯವಾಗಿ ಸ್ನೇಹವೆಂದರೆ ಮಾತು, ನಗು, ಚಹಾ ಎಂದು ತಿಳಿಯುತ್ತೇವೆ. ಆದರೆ ಯಾರ ನಾಲಗೆ ಮತ್ತು ಕೈಗಳಿಂದ ಜನರು ಸುರಕ್ಷಿತರಾಗಿರುವರೋ ಅವನೇ ಮುಸ್ಲಿಮ್ ಎಂಬ ಪ್ರವಾದಿ ವಚನದ ಪ್ರಕಾರ ಸ್ನೇಹದ ಮೊದಲ ಮೆಟ್ಟಿಲು ತೊಂದರೆ ಕೊಡದಿರುವುದು. ರಾತ್ರಿ ಹನ್ನೊಂದರ ತನಕ ಜನರೇಟರ್ ಓಡಿಸಿ, ಪಕ್ಕದ ಮಗುವಿನ ನಿದ್ದೆ ಕೆಡಿಸಿ, ಬೆಳಿಗ್ಗೆ ಬಿರಿಯಾನಿಯ ತಟ್ಟೆ ಕೊಟ್ಟರೆ ಅದು ಸೌಜನ್ಯವಾದೀತೇ?

ಕ್ಯಾಂಪರ್‌ವ್ಯಾನಿನ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕಾದ ಕೆಲವು ಅಂಶಗಳಿವೆ. ಪಾತ್ರೆ ತೊಳೆದ ನೀರು ಒಂದು ತೊಟ್ಟಿಯಲ್ಲಿ, ಶೌಚದ ಹೊಲಸು ಇನ್ನೊಂದು ಪೆಟ್ಟಿಗೆಯಲ್ಲಿ ಸಂಗ್ರಹವಾಗುತ್ತದೆ. ಅದನ್ನು ಅದಕ್ಕೆಂದೇ ಇರುವ ಸ್ಥಳದಲ್ಲಿ ಖಾಲಿ ಮಾಡಬೇಕು. ಕತ್ತಲಲ್ಲಿ ಯಾರೂ ಕಾಣುವುದಿಲ್ಲವೆಂದು ಮರಳಿನಲ್ಲಿ ಸುರಿದು ಹೋಗುವವರಿದ್ದಾರೆ. ಜನರು ನಡೆಯುವ ದಾರಿಯಲ್ಲೂ ಅವರು ಆಶ್ರಯಿಸುವ ನೆರಳಿನಲ್ಲೂ ಹೊಲಸು ಮಾಡುವುದು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಮುಸ್ಲಿಮ್ ಗ್ರಂಥದಲ್ಲಿ ಕಾಣುತ್ತೇವೆ. ನಾಳೆ ಅದೇ ಜಾಗದಲ್ಲಿ ಇನ್ನೊಂದು ಕುಟುಂಬ ಚಾಪೆ ಹಾಸಿ ನಮಾಝಿಗೆ ನಿಲ್ಲಬಹುದು. ನೀವು ನೋಡಿಯೇ ಇರದ ಆ ಕುಟುಂಬವೂ ನಿಮ್ಮ ನೆರೆಯವರೇ. ನಿಮಗೂ ಅವರಿಗೂ ನಡುವೆ ಗೋಡೆಯಿಲ್ಲ, ಒಂದು ದಿನದ ಅಂತರವಿದೆ, ಅಷ್ಟೇ.

ಬೆಂಕಿಯ ಬಗ್ಗೆಯೂ ಎಚ್ಚರ ಬೇಕು. ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉರಿಯಬಿಡಬಾರದೆಂಬ ಪ್ರವಾದಿ ಆದೇಶ ಇಂದಿಗೂ ಎಷ್ಟು ಪ್ರಸ್ತುತ! ಚಳಿ ಎಂದು ಇದ್ದಿಲಿನ ಒಲೆಯನ್ನು ವ್ಯಾನಿನೊಳಗೆ ತಂದಿಟ್ಟರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಂಡು ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡುವ ಅಪಾಯವಿದೆ. ಹೊರಗೆ ಉರಿಸಿದ ಕೆಂಡವನ್ನು ಮರಳಿನಿಂದ ಮುಚ್ಚಿ ಹೋದರೆ ಅದು ಒಳಗೊಳಗೇ ಬಹಳ ಹೊತ್ತು ಬಿಸಿಯಾಗಿರುತ್ತದೆ. ಬರಿಗಾಲಲ್ಲಿ ಓಡಿ ಬರುವ ನೆರೆಯವರ ಮಗು ಅದನ್ನು ಕಾಣಲಾರದು. ನೀರು ಸುರಿದು ಸಂಪೂರ್ಣವಾಗಿ ಆರಿಸಿರಿ. ದಾರಿಯಿಂದ ತೊಂದರೆಯನ್ನು ನಿವಾರಿಸುವುದು ಈಮಾನಿನ ಶಾಖೆಗಳಲ್ಲೊಂದು ಎಂದ ಮೇಲೆ, ದಾರಿಯಲ್ಲಿ ತೊಂದರೆಯನ್ನು ಇಟ್ಟು ಹೋಗುವುದು ಏನಾದೀತು?

ಮೂಕ ಜೀವಿಗಳೂ ಆ ತೀರದ ನಿವಾಸಿಗಳು. ರಾತ್ರಿ ತಂಗುವಾಗ ದಾರಿಯನ್ನು ಬಿಟ್ಟು ಬದಿಯಲ್ಲಿ ತಂಗಿರಿ, ಅದು ಪ್ರಾಣಿಗಳ ಮತ್ತು ಕ್ರಿಮಿಕೀಟಗಳ ಸಂಚಾರದ ದಾರಿ ಎಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದಾರೆ. ರಾಸ್ ಅಲ್ ಜಿಂಜ್‌ನ ಸುತ್ತಲಿನ ತೀರವನ್ನು ಒಮಾನ್ ಸರಕಾರ 1996ರಲ್ಲಿ ಕಡಲಾಮೆಗಳ ರಕ್ಷಿತ ಪ್ರದೇಶವೆಂದು ಘೋಷಿಸಿತು. ಹಸಿರು ಕಡಲಾಮೆಗಳು ರಾತ್ರಿ ಹೊತ್ತು ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ ಮರಿಗಳು ಕತ್ತಲಲ್ಲಿ ಹೆಚ್ಚು ಬೆಳಕು ಕಾಣುವ ದಿಕ್ಕನ್ನು ಸಮುದ್ರವೆಂದು ತಿಳಿದು ಅತ್ತ ಸಾಗುತ್ತವೆ. ನಿಮ್ಮ ವ್ಯಾನಿನ ದೀಪ ಅವುಗಳನ್ನು ದಾರಿ ತಪ್ಪಿಸಿ ಸಾವಿನತ್ತ ಸೆಳೆಯಬಲ್ಲದು. ಆದ್ದರಿಂದಲೇ ಅಲ್ಲಿ ರಾತ್ರಿ ಮಾರ್ಗದರ್ಶಕರ ಜೊತೆಗಲ್ಲದೆ ಹೋಗುವಂತಿಲ್ಲ. ಈ ನಿಯಮವನ್ನು ಪಾಲಿಸುವುದು ಬರೀ ಸರಕಾರದ ಭಯದಿಂದ ಆಗಬಾರದು.

ಸೇವೆ ಎಂಬ ಸೇತುವೆ

ಅಪರಿಚಿತರ ನಡುವೆ ಸ್ನೇಹ ಬೆಳೆಯುವುದು ಮಾತಿಗಿಂತ ಹೆಚ್ಚಾಗಿ ಸೇವೆಯಿಂದ. ಸಮುದ್ರ ತೀರದಲ್ಲಿ ಇದಕ್ಕೆ ಅವಕಾಶಗಳು ಬೇಕಷ್ಟಿವೆ. ಕ್ಯಾಂಪರ್‌ವ್ಯಾನುಗಳು ಭಾರವಾದ ವಾಹನಗಳು. ಮೆದು ಮರಳಿಗೆ ಇಳಿದರೆ ಚಕ್ರ ಹೂತು ಹೋಗುತ್ತದೆ. ಚಾಲಕ ಗಾಬರಿಯಿಂದ ಇನ್ನಷ್ಟು ವೇಗ ಕೊಟ್ಟಷ್ಟೂ ಅದು ಆಳಕ್ಕೆ ಇಳಿಯುತ್ತದೆ. ಅನುಭವಸ್ಥರು ಟಯರಿನ ಗಾಳಿಯನ್ನು ಇಳಿಸುತ್ತಾರೆ. ಆಗ ಟಯರು ಅಗಲವಾಗಿ ಮರಳಿನ ಮೇಲೆ ಹರಡಿಕೊಳ್ಳುತ್ತದೆ. ಚಕ್ರದ ಮುಂದಿನ ಮರಳನ್ನು ಸರಿಸಿ, ಹಲಗೆಯನ್ನೋ ದಪ್ಪ ಚಾಪೆಯನ್ನೋ ಇಟ್ಟು, ನಿಧಾನವಾಗಿ ವಾಹನವನ್ನು ಹೊರತೆಗೆಯುತ್ತಾರೆ. ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಿಸಬೇಕು. ಒಂದು ಸಲಿಕೆ, ಎರಡು ಹಲಗೆ, ಗಾಳಿ ತುಂಬುವ ಒಂದು ಪುಟ್ಟ ಯಂತ್ರ - ಇಷ್ಟು ನಿಮ್ಮ ಬಳಿ ಇದ್ದರೆ ನೀವು ಒಂದಲ್ಲ ಒಂದು ದಿನ ಯಾರದೋ ಕುಟುಂಬದ ಪಾಲಿಗೆ ಆಸರೆಯಾಗುವಿರಿ.

ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ), ಹೆಚ್ಚುವರಿ ಸವಾರಿ ಪ್ರಾಣಿಯಿರುವವನು ಅದಿಲ್ಲದವನಿಗೆ ನೀಡಲಿ, ಹೆಚ್ಚುವರಿ ಬುತ್ತಿಯಿರುವವನು ಬುತ್ತಿಯಿಲ್ಲದವನಿಗೆ ನೀಡಲಿ ಎಂದು ಆದೇಶಿಸಿದರು. ಬಗೆಬಗೆಯ ವಸ್ತುಗಳನ್ನು ಅವರು ಹೀಗೆ ಹೆಸರಿಸುತ್ತಾ ಹೋದಾಗ, ಅಗತ್ಯಕ್ಕಿಂತ ಹೆಚ್ಚಿರುವ ಯಾವುದರ ಮೇಲೂ ತಮಗೆ ಹಕ್ಕಿಲ್ಲವೇನೋ ಎಂದು ಅನುಚರರಿಗೆ ಅನಿಸಿತೆಂದು ಅಬೂ ಸಈದುಲ್ ಖುದ್ರಿ(ರ) ತಿಳಿಸಿದ್ದಾರೆ. ಸ್ವತಃ ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ಹಿಂದೆ ಉಳಿದು ದುರ್ಬಲರನ್ನು ಮುಂದಕ್ಕೆ ಸಾಗಿಸುತ್ತಿದ್ದರು, ಸವಾರಿಯಿಲ್ಲದವರನ್ನು ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಇಂದು ನಾವು ಮುಂದೆ ಓಡಿ ಒಳ್ಳೆಯ ಜಾಗ ಹಿಡಿಯಲು ಹಾತೊರೆಯುತ್ತೇವಲ್ಲವೇ?

ಜರೀರ್ ಬಿನ್ ಅಬ್ದುಲ್ಲಾ(ರ) ಮತ್ತು ಅನಸ್(ರ) ಒಮ್ಮೆ ಜೊತೆಯಾಗಿ ಪ್ರಯಾಣ ಹೊರಟಿದ್ದರು. ಜರೀರ್(ರ) ವಯಸ್ಸಿನಲ್ಲಿ ಹಿರಿಯರು, ತಮ್ಮ ಗೋತ್ರದ ನಾಯಕರು. ಹಾಗಿದ್ದೂ ದಾರಿಯುದ್ದಕ್ಕೂ ಅವರೇ ಅನಸ್‌ರ(ರ) ಸೇವೆ ಮಾಡುತ್ತಿದ್ದರು. ಪ್ರಯಾಣದಲ್ಲಿ ಹಿರಿತನ ಪದವಿಯಿಂದಲ್ಲ, ಸೇವೆಯಿಂದ ಸಾಬೀತಾಗುತ್ತದೆ. ಎರಡು ಮೂರು ಕುಟುಂಬಗಳು ಜೊತೆಯಾಗಿ ಹೊರಡುವಿರಾದರೆ ಒಬ್ಬರನ್ನು ನಾಯಕರನ್ನಾಗಿ ಆರಿಸಿಕೊಳ್ಳಿರಿ. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ನಾಯಕನನ್ನಾಗಿ ಮಾಡಬೇಕೆಂಬ ಪ್ರವಾದಿ ಉಪದೇಶದಲ್ಲಿ ದೊಡ್ಡ ಹಿತವಿದೆ. ಎಲ್ಲಿ ತಂಗಬೇಕು, ಯಾವಾಗ ಹೊರಡಬೇಕು ಎಂಬ ಸಣ್ಣ ಮಾತಿನಿಂದ ಹಳೆಯ ಗೆಳೆತನಗಳೇ ಮುರಿದು ಬೀಳುವುದುಂಟು.

ಸಾರಿನ ನೀರು ಮತ್ತು ಮಕ್ಕಳ ಪಾಠ

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಸಿ ನೆರೆಯವರನ್ನು ನೆನಪಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಅಬೂ ಝರ್‌ರಿಗೆ(ರ) ಉಪದೇಶಿಸಿದ್ದರು. ವ್ಯಾನಿನ ಪುಟ್ಟ ಒಲೆಯಲ್ಲಿ ದೊಡ್ಡ ಔತಣ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ನಮ್ಮ ಕಡೆಯ ಒಂದು ನೀರ್ ದೋಸೆ, ಸ್ವಲ್ಪ ಮೀನಿನ ಸಾರು, ಒಂದು ಲೋಟ ಚಹಾ ಸಾಕು. ಒಮಾನಿ ಕುಟುಂಬದಿಂದ ಖರ್ಜೂರ ಮತ್ತು ಕಹ್ವಾ ಬಂದರೆ ಪ್ರೀತಿಯಿಂದ ಸ್ವೀಕರಿಸಿರಿ. ಪುಟ್ಟ ಕಪ್ಪಿನಲ್ಲಿ ಮತ್ತೆ ಮತ್ತೆ ಸುರಿಯುವುದು ಅಲ್ಲಿನ ಪದ್ಧತಿ. ಸಾಕೆನಿಸಿದಾಗ ಕಪ್ಪನ್ನು ಮೆಲ್ಲಗೆ ಅಲ್ಲಾಡಿಸಿ ಮರಳಿಸಿದರೆ ಅವರಿಗೆ ಅರ್ಥವಾಗುತ್ತದೆ. ಕೊಡುವುದು ಮಾತ್ರವಲ್ಲ, ಕೊಟ್ಟದ್ದನ್ನು ಸಂತೋಷದಿಂದ ಸ್ವೀಕರಿಸುವುದೂ ಸ್ನೇಹದ ಭಾಗ. ಸದಾ ಕೊಡುವವನಾಗಿಯೇ ಉಳಿಯಲು ಹಟ ಹಿಡಿಯುವುದರಲ್ಲಿ ಕೂಡಾ ಒಂದು ಬಗೆಯ ಅಹಂ ಇದೆ.

ಬೇರೆ ಧರ್ಮದ, ಬೇರೆ ಭಾಷೆಯ ಸಹಪ್ರಯಾಣಿಕರಿಗೂ ಇದೇ ಹಕ್ಕಿದೆ. ಮನುಷ್ಯರನ್ನು ಜನಾಂಗಗಳಾಗಿ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಪರಿಚಯಕ್ಕಾಗಿ ಎಂದು ಅಲ್‌ಹುಜುರಾತ್ ಅಧ್ಯಾಯ ಕಲಿಸುತ್ತದೆ. ಆ ಪರಿಚಯಕ್ಕೆ ಪ್ರಯಾಣಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ? ನಿಮ್ಮ ಪಕ್ಕದಲ್ಲಿ ತಂಗಿದ ವಿದೇಶೀ ದಂಪತಿಗಳು ಇಸ್ಲಾಮಿನ ಬಗ್ಗೆ ಓದಿದ ಪುಸ್ತಕಗಳನ್ನು ಮರೆಯಬಹುದು, ಆದರೆ ಮರಳಿನಲ್ಲಿ ಹೂತ ತಮ್ಮ ವಾಹನವನ್ನು ತಳ್ಳಿದ ಕೈಗಳನ್ನು ಮರೆಯಲಾರರು. ಸಂಜೆ ತೀರದಲ್ಲಿ ಚಾಪೆ ಹಾಸಿ, ಪಕ್ಕದ ಮುಸ್ಲಿಮ್ ಕುಟುಂಬಗಳನ್ನೂ ಕರೆದು ಜಮಾಅತ್ ಆಗಿ ನಮಾಝ್ ನಿರ್ವಹಿಸಿರಿ. ಅಪರಿಚಿತರ ಭುಜಗಳು ಒಂದಕ್ಕೊಂದು ತಾಗಿದಾಗ ಪರಿಚಯದ ಅರ್ಧ ಕೆಲಸ ಮುಗಿದಿರುತ್ತದೆ.

ನಿಮ್ಮ ಮಕ್ಕಳು ಇದೆಲ್ಲವನ್ನೂ ನೋಡುತ್ತಿರುತ್ತಾರೆ ಎಂಬುದನ್ನು ಮರೆಯದಿರಿ. ಪಕ್ಕದ ವ್ಯಾನಿಗೆ ತಟ್ಟೆ ತಲುಪಿಸುವ ಕೆಲಸವನ್ನು ಅವರಿಗೇ ವಹಿಸಿರಿ. ಬಾಗಿಲ ಬಳಿ ನಿಂತು ಸಲಾಮ್ ಹೇಳಬೇಕು, ಒಳಗೆ ಇಣುಕಬಾರದು, ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು ಎಂದು ತಿಳಿಸಿಕೊಡಿ. ಅನ್ನೂರ್ ಅಧ್ಯಾಯ ಮನೆಗಳ ಪ್ರವೇಶದ ಬಗ್ಗೆ ಕಲಿಸಿದ ಶಿಷ್ಟಾಚಾರ ಚಕ್ರದ ಮೇಲಿನ ಮನೆಗೂ ಅನ್ವಯಿಸುತ್ತದೆ. ಹಾಗೆಯೇ ಸಹಪ್ರಯಾಣಿಕರ, ವಿಶೇಷವಾಗಿ ಅವರ ಮಹಿಳೆಯರ ಮತ್ತು ಮಕ್ಕಳ ಫೋಟೋವನ್ನು ಕೇಳದೆ ತೆಗೆಯುವುದು, ಅದನ್ನು ಮೊಬೈಲಿನಲ್ಲಿ ಊರಿಗೆಲ್ಲಾ ಹಂಚುವುದು ಸ್ನೇಹವಲ್ಲ, ದ್ರೋಹ.

ಎಚ್ಚರಿಕೆಯೂ ಇರಲಿ

ಹಾಗಾದರೆ ಕಂಡ ಕಂಡವರನ್ನೆಲ್ಲಾ ಕಣ್ಣು ಮುಚ್ಚಿ ನಂಬಬೇಕೇ? ಇಲ್ಲ. ಇಲ್ಲಿಯೂ ಇಬ್ನು ಬತೂತರ ಅನುಭವ ನಮಗೆ ಪಾಠವಾಗಿದೆ. ಅದು ನಡೆದದ್ದೂ ನಾವು ಮೇಲೆ ಹೇಳಿದ ಇದೇ ಕರಾವಳಿಯಲ್ಲಿ! 14ನೇ ಶತಮಾನದ ಮೊದಲಾರ್ಧದಲ್ಲಿ ಅವರ ಹಡಗು ಸೂರ್ ಬಳಿ ಲಂಗರು ಹಾಕಿದಾಗ ಕಲ್‌ಹಾತ್ ನಗರ ಹತ್ತಿರದಲ್ಲೇ ಇರುವಂತೆ ಕಂಡಿತು. ಖಿದ್ರ್ ಎಂಬ ಒಬ್ಬ ಭಾರತೀಯ ಸಂಗಾತಿಯೊಂದಿಗೆ, ಒಬ್ಬ ದಾರಿ ತೋರಿಸುವವನನ್ನು ಗೊತ್ತು ಮಾಡಿಕೊಂಡು ಅವರು ಕಾಲ್ನಡಿಗೆಯಲ್ಲಿ ಹೊರಟರು. ಆದರೆ ದಾರಿ ತೋರಿಸಬೇಕಾದವನ ಕಣ್ಣು ಅವರ ಬಟ್ಟೆಗಳ ಮೇಲಿತ್ತು. ಅದನ್ನರಿತ ಇಬ್ನು ಬತೂತ ರಾತ್ರಿ ಕೈಯಲ್ಲಿ ಈಟಿ ಹಿಡಿದು ಎಚ್ಚರವಾಗಿಯೇ ಕಳೆದರು. ಆದರೆ ಅದೇ ದಾರಿಯಲ್ಲಿ ಬಾಯಾರಿ ಕಂಗೆಟ್ಟಿದ್ದಾಗ ಎದುರಾದ ಅಪರಿಚಿತ ಸವಾರನೊಬ್ಬ ಅವರಿಗೆ ನೀರು ಕೊಟ್ಟ. ನಡೆದು ನಡೆದು ಕಾಲುಗಳು ಊದಿಕೊಂಡು ಕಲ್‌ಹಾತ್ ತಲುಪಿದಾಗ ಅಲ್ಲಿನ ಅಧಿಕಾರಿ ಆರು ದಿನಗಳ ಕಾಲ ಅವರನ್ನು ಅತಿಥಿಯಾಗಿ ಇರಿಸಿಕೊಂಡರು.

ಒಬ್ಬ ಮೋಸಗಾರನನ್ನು ಕಂಡ ಮಾತ್ರಕ್ಕೆ ಇಬ್ನು ಬತೂತ ಆ ನಂತರ ಯಾರೊಂದಿಗೂ ಬೆರೆಯುವುದನ್ನು ನಿಲ್ಲಿಸಲಿಲ್ಲ. ಈಟಿಯನ್ನು ಕೈಯಿಂದ ಬಿಡಲೂ ಇಲ್ಲ. ಇದುವೇ ಸಮತೋಲನ. ನಿಮ್ಮ ಹಣ, ದಾಖಲೆ ಪತ್ರಗಳು, ಮುಂದಿನ ದಾರಿಯ ವಿವರಗಳನ್ನು ಮೊದಲ ಭೇಟಿಯಲ್ಲೇ ಬಿಚ್ಚಿಡಬೇಕಾಗಿಲ್ಲ. ಮಕ್ಕಳನ್ನು ನಿಮ್ಮ ದೃಷ್ಟಿಯಿಂದ ದೂರ ಕಳುಹಿಸಬೇಡಿ. ಎಚ್ಚರಿಕೆ ಬೇರೆ, ದುರ್ಭಾವನೆ ಬೇರೆ.

ಇನ್ನೊಂದು ಬಗೆಯ ಎಚ್ಚರಿಕೆಯೂ ಉಂಟು. ಒಣಗಿದ ಕಣಿವೆಗಳಿಗೆ ಅಲ್ಲಿ 'ವಾದಿ' ಎನ್ನುತ್ತಾರೆ. ಎಲ್ಲೋ ದೂರದ ಬೆಟ್ಟದಲ್ಲಿ ಮಳೆ ಸುರಿದರೆ, ಆಕಾಶ ಶುಭ್ರವಾಗಿರುವ ಕೆಳಗಿನ ವಾದಿಗೂ ಹಠಾತ್ತನೆ ನೆರೆ ನುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ಒಮಾನಿನಲ್ಲಿ ಬಂದ ಇಂತಹ ನೆರೆಯಲ್ಲಿ ಶಾಲಾ ಮಕ್ಕಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ನೀರು ಹರಿಯುತ್ತಿರುವ ವಾದಿಯನ್ನು ವಾಹನದಲ್ಲಿ ದಾಟುವುದು ಅಲ್ಲಿ ಶಿಕ್ಷಾರ್ಹ ಅಪರಾಧ. ವಾದಿಯ ಪಾತ್ರದಲ್ಲಿ ವ್ಯಾನ್ ನಿಲ್ಲಿಸಿದ ಅಪರಿಚಿತನನ್ನು ಕಂಡರೆ 'ನಮಗೇಕೆ' ಎಂದು ಸುಮ್ಮನಿರಬೇಡಿ. ಹೋಗಿ ಎಚ್ಚರಿಸಿರಿ. ಹಾಗೆಯೇ ಸ್ಥಳೀಯ ಬೆಸ್ತರೊಬ್ಬರು ಬಂದು ಇಲ್ಲಿಂದ ಏಳಿರಿ, ಉಬ್ಬರದ ನೀರು ಇಲ್ಲಿಯವರೆಗೂ ಬರುತ್ತದೆ ಎಂದರೆ ವಾದಿಸದೆ ಏಳಿರಿ. ಇಂತಹ ಒಂದು ಮಾತು ಒಂದು ಕುಟುಂಬದ ಜೀವ ಉಳಿಸಬಹುದು.

ಹೊರಡುವ ಮುನ್ನ ಲೆಕ್ಕ ತೀರಲಿ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಊರಿನ ನೆರೆಯವರೊಂದಿಗೆ ಇಂದು ಜಗಳವಾದರೆ ನಾಳೆ ಕ್ಷಮೆ ಕೇಳಬಹುದು. ಹಬ್ಬದ ದಿನ ಆಲಿಂಗಿಸಿಕೊಂಡು ರಾಜಿಯಾಗಬಹುದು. ಆದರೆ ಒಂದು ರಾತ್ರಿಯ ನೆರೆಯವನು ಸೂರ್ಯ ಮೇಲೇರುವ ಮೊದಲೇ ಹೊರಟು ಹೋಗುತ್ತಾನೆ. ಅವನ ಹೆಸರು ನಿಮಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ನೀವು ಅವನ ಮನಸ್ಸು ನೋಯಿಸಿದ್ದರೆ, ಅವನ ವಸ್ತುವನ್ನು ಹಾಳು ಮಾಡಿ ಸುಮ್ಮನಿದ್ದರೆ, ಅವನ ನಿದ್ದೆ ಕೆಡಿಸಿದ್ದರೆ, ಇನ್ನು ಎಲ್ಲಿ ಹುಡುಕಿ ಕ್ಷಮೆ ಕೇಳುವಿರಿ? ಯಾರ ಮಾನಕ್ಕಾಗಲಿ ಇತರ ಹಕ್ಕಿಗಾಗಲಿ ಧಕ್ಕೆ ತಂದಿದ್ದರೆ, ದೀನಾರ್ ದಿರ್‌ಹಮ್‌ಗಳು ಇಲ್ಲದ ಆ ದಿನ ಬರುವ ಮುನ್ನ ಇಂದೇ ಅದನ್ನು ಇತ್ಯರ್ಥಪಡಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಅಂದು ಋಣ ತೀರಿಸಲು ನಮ್ಮ ಸತ್ಕರ್ಮಗಳನ್ನೇ ಕೊಡಬೇಕಾಗುತ್ತದೆ.

ಇನ್ನೂ ಗಂಭೀರವಾದ ಒಂದು ವಿಷಯವಿದೆ. ಮರ್ದಿತನ ಪ್ರಾರ್ಥನೆ ಮತ್ತು ಪ್ರಯಾಣಿಕನ ಪ್ರಾರ್ಥನೆ ಎರಡೂ ಸ್ವೀಕೃತವಾಗುವ ಪ್ರಾರ್ಥನೆಗಳ ಸಾಲಿನಲ್ಲಿವೆ. ನೀವು ಅನ್ಯಾಯವೆಸಗಿದ ಸಹಪ್ರಯಾಣಿಕ ಏಕಕಾಲದಲ್ಲಿ ಮರ್ದಿತನೂ ಹೌದು, ಪ್ರಯಾಣಿಕನೂ ಹೌದು! ಅವನು ಕೈಯೆತ್ತಿದರೆ ಏನಾದೀತು? ಅದೇ ರೀತಿ ನೀವು ನೆರವಾದ ಸಹಪ್ರಯಾಣಿಕ ನಿಮಗಾಗಿ ಕೈಯೆತ್ತಿದರೆ ಎಂತಹ ಸೌಭಾಗ್ಯ!

ಆದ್ದರಿಂದ ಬೆಳಿಗ್ಗೆ ವ್ಯಾನಿನ ಚಕ್ರ ಉರುಳುವ ಮುನ್ನ ಒಂದು ಸುತ್ತು ನಡೆಯಿರಿ. ಕಸ ಎತ್ತಿಕೊಳ್ಳಿರಿ. ಎರವಲು ತಂದ ಪಾತ್ರೆಯನ್ನು ತೊಳೆದು ಮರಳಿಸಿರಿ. ಪಕ್ಕದವರಿಗೆ ಸಲಾಮ್ ಹೇಳಿರಿ. 'ನಮ್ಮಿಂದ ತೊಂದರೆಯಾಗಿದ್ದರೆ ಕ್ಷಮಿಸಿ ಬಿಡಿ, ನಮಗಾಗಿ ಪ್ರಾರ್ಥಿಸಿರಿ' ಎಂದು ಕೇಳಿಕೊಳ್ಳಿರಿ. ಇಷ್ಟಾದ ಮೇಲೆ ಅವರ ಫೋನ್ ನಂಬರ್ ನಿಮ್ಮಲ್ಲಿ ಇರಲಿ, ಇಲ್ಲದಿರಲಿ, ಆ ಸ್ನೇಹ ಅಲ್ಲಾಹನ ಬಳಿ ದಾಖಲಾಗಿರುತ್ತದೆ.

ಒಬ್ಬನ ಗುಣವನ್ನು ಸಮರ್ಥಿಸಿದ ವ್ಯಕ್ತಿಯೊಡನೆ ಉಮರ್(ರ), ನೀನು ಅವನೊಂದಿಗೆ ಪ್ರಯಾಣ ಮಾಡಿದ್ದೀಯಾ ಎಂದು ವಿಚಾರಿಸಿದ್ದರಂತೆ. ಮಸೀದಿಯಲ್ಲಿ ತಲೆಬಾಗುವುದನ್ನು ಮಾತ್ರ ಕಂಡು ಮನುಷ್ಯನನ್ನು ಅಳೆಯಲಾಗದು. ದಣಿವು, ಹಸಿವು, ನಿದ್ರೆಗೇಡು, ಇಕ್ಕಟ್ಟಾದ ಜಾಗ - ಇವುಗಳ ನಡುವೆ ನಮ್ಮ ನಿಜ ಸ್ವಭಾವ ಹೊರಬರುತ್ತದೆ.

ಸಹೋದರ ಸಹೋದರಿಯರೇ, ನಮ್ಮಲ್ಲಿ ಹೆಚ್ಚಿನವರಿಗೆ ಕ್ಯಾಂಪರ್‌ವ್ಯಾನಿನ ಪ್ರವಾಸ ಒದಗಿ ಬರಲಿಕ್ಕಿಲ್ಲ. ಆದರೆ ಮಂಗಳೂರಿನಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ, ಕೊಂಕಣ ರೈಲಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಬದಿಯ ಸಂಗಾತಿ ಪ್ರತಿದಿನವೂ ಸಿಗುತ್ತಾನೆ. ಅವನಿಗಾಗಿ ಸ್ವಲ್ಪ ಸರಿದು ಕುಳಿತುಕೊಳ್ಳುವುದು, ವೃದ್ಧೆಯ ಚೀಲವನ್ನು ಎತ್ತಿ ಇಡುವುದು, ಮೊಬೈಲಿನ ಸದ್ದನ್ನು ತಗ್ಗಿಸುವುದು, ಕಿಟಕಿಯ ಬದಿಯನ್ನು ಮಗುವಿಗೆ ಬಿಟ್ಟುಕೊಡುವುದು - ಇವೂ ಕುರ್‌ಆನಿನ ಆ ಸೂಕ್ತದ ಪಾಲನೆಯೇ. ಈ ಇಹಲೋಕದಲ್ಲಿ ಅಪರಿಚಿತನಂತೆ ಅಥವಾ ದಾರಿಹೋಕನಂತೆ ಬಾಳುವಂತೆ ಪ್ರವಾದಿವರ್ಯರು(ಸ) ಇಬ್ನು ಉಮರ್‌ರಿಗೆ(ರ) ಉಪದೇಶಿಸಿದ್ದರು. ಎಲ್ಲರೂ ದಾರಿಹೋಕರೇ ಆಗಿರುವಾಗ ಪಕ್ಕದವನು ಪರಕೀಯನಾಗುವುದು ಹೇಗೆ? ದಾರಿಯಲ್ಲಿ ಸಿಗುವ ಪ್ರತಿಯೊಬ್ಬ ಸಂಗಾತಿಯ ಹಕ್ಕನ್ನೂ ಅರಿತು ಸಲ್ಲಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.